ದುರ್ಗದ ಕೋಟೆ ಒಂದೇ ಫೋಟೋದಲ್ಲಿ ಸಿಗಲ್ಲ

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಹತ್ತಿರ ಕ್ಯಾಮೆರಾ ಇಲ್ಲ. ಇರುವುದು ಮಗಳು ಬಳಸಿ ಬಿಟ್ಟ ಫೋನು, ಅದರ ಗಾಜಿಗೂ ಒಂದು ಸೀಳು. ಆದರೂ ಚಿತ್ರದುರ್ಗದ ಕೋಟೆಯ ಫೋಟೋ ತೆಗೆಯುವುದು ಹೇಗೆ ಅಂತ ಬರೆಯೋಕೆ ಕೂತಿದ್ದೇನೆ. ಮಾಡಬಹುದಾದ ತಪ್ಪನ್ನೆಲ್ಲ ಮೊದಲ ಸಲವೇ ಮಾಡಿ ಮುಗಿಸಿದವಳು ನಾನು. ಅಷ್ಟು ಅರ್ಹತೆ ಸಾಕು.

ನನ್ನ ತವರು ಜಗಳೂರು ಕಡೆಯ ಒಂದು ಹಳ್ಳಿ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಎಲ್ಲರನ್ನೂ ಕೋಟೆ ನೋಡಲು ಕರೆದುಕೊಂಡು ಹೋದರು. ಆ ವಾರ ನನಗೆ ದಡಾರ ಎದ್ದಿತ್ತು. ಹೋಗಿ ಬಂದವರು ವರ್ಷವಿಡೀ ಓಬವ್ವನ ಕಿಂಡಿಯ ಮಾತೇ ಆಡಿದರು. ಮದುವೆಯಾಗಿ ದಾವಣಗೆರೆಗೆ ಬಂದೆ. ಇಲ್ಲಿಂದ ದುರ್ಗ 60 ಕಿಲೋಮೀಟರ್ ಆಸುಪಾಸು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಸಾಲದ್ದಕ್ಕೆ ನಮ್ಮತ್ತೆಯ ತವರು ಕೋಟೆಯ ಬುಡದಲ್ಲೇ. ಬೆಂಗಳೂರಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಆ ಬಂಡೆಗಳ ಸಾಲು ಕಾಣುತ್ತಿತ್ತು. "ಒಂದಿನ ಹೋಗಿ ಬರೋಣ ಅತ್ತೆ" ಅಂದರೆ, "ಅಲ್ಲೇನೈತವ್ವ ನೋಡಾಕೆ, ಬರೀ ಬಂಡೆ" ಅನ್ನುತ್ತಿದ್ದರು. ಹೀಗೇ ಮೂವತ್ತು ವರ್ಷ ಹೋಯಿತು.

ಕೊನೆಗೂ ಹೋದದ್ದು ಮೇ ತಿಂಗಳಲ್ಲಿ, ಮಟಮಟ ಮಧ್ಯಾಹ್ನ. ಒಬ್ಬ ಗೈಡನ್ನೂ ಹಿಡಿದುಕೊಂಡೆವು. ಆತನಿಗೆ ಮುಂದಿನ ಗಿರಾಕಿಯ ಅವಸರ. "ಇಲ್ಲಿ ನಿಲ್ಲಿ, ಫೋಟೋ ತೆಗೀರಿ, ನಡೀರಿ." ಗೋಪಾಲಸ್ವಾಮಿ ಹೊಂಡ ಮುಟ್ಟುವಷ್ಟರಲ್ಲಿ ನನ್ನ ಮಂಡಿಯೂ ಸೋತಿತ್ತು, ಫೋನಿನ ಬ್ಯಾಟರಿಯೂ ಸತ್ತಿತ್ತು. ಮನೆಗೆ ಬಂದು ನೋಡಿದರೆ 214 ಫೋಟೋ. ಆಕಾಶ ಪೂರ್ತಿ ಬಿಳಿ, ಮುಖ ಪೂರ್ತಿ ಕಪ್ಪು. ಗೋಡೆ ಮಾತ್ರ ಯಾವ ಊರಿನ ಗೋಡೆಯಾದರೂ ಆಗಬಹುದು. ಮಗಳು, "ಅಮ್ಮಾ, ಇದು ಕೋಟೆನಾ, ನಮ್ಮ ಓನರ್ ಮನೆ ಕಾಂಪೌಂಡಾ?" ಅಂದಳು.

ಬೇಜಾರಾಯಿತು ನಿಜ. ಆದರೆ ಆ 214 ಫೋಟೋಗಳನ್ನು ಎರಡು ಮೂರು ಸಲ ತಿರುವಿ ಹಾಕಿದ ಮೇಲೆ ಒಂದು ವಿಷಯ ಹೊಳೆಯಿತು. ಈ ಕೋಟೆಯನ್ನು ಕಟ್ಟಿದ್ದೇ ಯಾರಿಗೂ ಒಂದೇ ಸಲಕ್ಕೆ ಕಾಣಬಾರದು ಅಂತ. ಒಂದು ಬಾಗಿಲು ದಾಟಿದರೆ ಎದುರಿಗೆ ಇನ್ನೊಂದು ಬಾಗಿಲು ಇರುವುದಿಲ್ಲ, ಗೋಡೆ ಇರುತ್ತದೆ. ಅಲ್ಲಿ ತಿರುಗಬೇಕು. ಮತ್ತೆ ಗೋಡೆ, ಮತ್ತೆ ತಿರುವು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು, ಒಳಗೆ ನುಗ್ಗಿದ ದಂಡಿಗೆ ಮುಂದೇನಿದೆ ಅಂತ ಗೊತ್ತಾಗಬಾರದು ಅನ್ನುವ ಲೆಕ್ಕ. ಏಳು ಸುತ್ತು, 19 ಬಾಗಿಲು. ಶತ್ರುವಿಗೇ ಸಿಗದ ಕೋಟೆ ನನ್ನ ಒಡಕು ಫೋನಿಗೆ ಸಿಗುತ್ತಾ? ಹಾಗಾಗಿ ಎರಡನೇ ಸಲ ಹೋದಾಗ ಇಡೀ ಕೋಟೆಯ ಆಸೆ ಬಿಟ್ಟೆ. ತಿರುವಿಗೊಂದು ಫೋಟೋ ಸಾಕು ಅಂದುಕೊಂಡೆ. ಅಲ್ಲಿಂದ ಎಲ್ಲ ಸರಿಹೋಯಿತು. ನೀವೂ ಹಾಗೇ ಮಾಡಿ.

ನವೆಂಬರಿನಿಂದ ಫೆಬ್ರವರಿವರೆಗೆ ಹೋದರೆ ಸುಖ. ಮಳೆ ಮುಗಿದ ಕೂಡಲೇ ಹೋದರೆ ಹೊಂಡದಲ್ಲಿ ನೀರು, ಬಂಡೆ ಸಂದಿನಲ್ಲಿ ಹಸಿರು ಹುಲ್ಲು. ಆದರೆ ಕಲ್ಲು ಜಾರುತ್ತದೆ, ಮಂಡಿ ನೋವಿನವರು ಯೋಚನೆ ಮಾಡಿ. ಯಾವ ಕಾಲವಾದರೂ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ನಾವು ದಾವಣಗೆರೆಯಿಂದ ನಸುಕಿನ ಬಸ್ಸು ಹಿಡಿದೆವು. ದುರ್ಗದ ಬಸ್ ಸ್ಟ್ಯಾಂಡಿನಿಂದ ಕೋಟೆ ಬಾಗಿಲವರೆಗೆ ಆಟೋ. ಆಗ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬೀಳುತ್ತಿರುತ್ತದೆ. ಓರೆ ಬಿಸಿಲಿನಲ್ಲಿ ಪ್ರತಿ ಕಲ್ಲಿನ ಅಂಚಿಗೂ ಒಂದು ಸಣ್ಣ ನೆರಳಿರುತ್ತದೆ, ಆ ನೆರಳಿನಿಂದಲೇ ಕಲ್ಲು ಕಲ್ಲಾಗಿ ಕಾಣುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಅದೇ ಗೋಡೆ ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ.

ಹವಾಯಿ ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿ. ಛತ್ರಿ ಬೇಡ, ಮೇಲಿನ ಗಾಳಿಗೆ ತಿರುಗಿ ಮಡಚಿಕೊಳ್ಳುತ್ತದೆ. ತಲೆಗೆ ಟವೆಲ್ ಸುತ್ತಿದರೆ ಆಯಿತು. ಒಬ್ಬರಿಗೆ ಎರಡು ಲೀಟರ್ ನೀರು. ಒಂದು ಪವರ್ ಬ್ಯಾಂಕ್. ಲೆನ್ಸ್ ಒರೆಸಲು ಒಂದು ತುಂಡು ಹಳೇ ಕಾಟನ್ ಬಟ್ಟೆ. ಸೆರಗಿನಲ್ಲಿ ಒರೆಸಿದರೆ ಜರಿ ಗೀಚುತ್ತದೆ, ಸಿಂಥೆಟಿಕ್ ಆದರೆ ಎಣ್ಣೆ ಇನ್ನಷ್ಟು ಹರಡುತ್ತದೆ. ಬಟ್ಟೆ ವಿಷಯದಲ್ಲಿ ನನ್ನ ಮಾತು ನಂಬಿ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಕವರಿನ ಸದ್ದು ಮಂಗಗಳಿಗೆ ಕರೆಗಂಟೆ. ನಮ್ಮ ಮಂಡಕ್ಕಿ ಹೋದದ್ದು ಹಾಗೆ, ಮೆಣಸಿನಕಾಯಿ ಬಜ್ಜಿ ಸಮೇತ.

ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಫೋನಿನಲ್ಲಿ ಎಷ್ಟು ಬೇಕಾದರೂ ಫೋಟೋ ತೆಗೆಯಬಹುದು. ಟ್ರೈಪಾಡ್ ಇಡುವುದಿದ್ದರೆ ಮೊದಲೇ ಅನುಮತಿ ಬೇಕು. ಡ್ರೋನ್ ಆಸೆ ಬಿಟ್ಟುಬಿಡಿ.

ಈಗ ಮೊದಲ ಬಾಗಿಲಿಗೆ ಬನ್ನಿ. ಎಲ್ಲರೂ ಇಲ್ಲಿ ಒಂದು ಸೆಲ್ಫಿ ಹೊಡೆದು ಒಳಗೆ ಓಡುತ್ತಾರೆ. ನೀವು ಓಡಬೇಡಿ. ಗೋಡೆಯಲ್ಲಿ ಹೆಡೆ ಬಿಚ್ಚಿದ ಹಾವಿನ ಕೆತ್ತನೆ ಇದೆ, ಎರಡು ತಲೆಯ ಗಂಡಭೇರುಂಡ ಇದೆ, ಹುಡುಕಿ. ಅದಕ್ಕಿಂತ ಮೊದಲು ಗೋಡೆಗೆ ಒಂದು ಮೊಳ ಹತ್ತಿರ ಹೋಗಿ ಕಲ್ಲುಗಳು ಸೇರುವ ಜಾಗ ನೋಡಿ. ನಡುವೆ ಗಾರೆ ಇಲ್ಲ. ಒಂದು ಕಲ್ಲಿನ ಮೂಲೆ ಎಲ್ಲಿ ಒಳಗೆ ಹೋಗಿದೆಯೋ ಅಲ್ಲಿಗೆ ಪಕ್ಕದ ಕಲ್ಲಿನ ಮೂಲೆ ಬಂದು ಕೂತಿದೆ. ನಾನು ಕಟೋರಿ ಬ್ಲೌಸಿನಲ್ಲಿ ಪೀಸಿಗೆ ಪೀಸು ಕೂರಿಸುವಾಗ ಅರ್ಧ ಇಂಚು ಹೆಚ್ಚುಕಮ್ಮಿ ಆದರೂ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಕಲ್ಲನ್ನು ಬಿಚ್ಚಿ ಹೊಲಿಯೋಕಾಗುತ್ತಾ? ಸಂದಿನಲ್ಲಿ ನನ್ನ ಉಗುರು ತೂರಿಸಲು ನೋಡಿದೆ, ಎಷ್ಟೋ ಕಡೆ ಹೋಗಲಿಲ್ಲ. ಆ ಸಂದಿನ ಒಂದು ಫೋಟೋದಲ್ಲಿ ಪಕ್ಕದಲ್ಲೇ ನನ್ನ ಕೈಯೂ ಇದೆ, ಬೆರಳಿಗೆ ಸೂಜಿ ಚುಚ್ಚಿದ ಗುರುತು ಸಮೇತ. ನನ್ನ ಫೋಟೋಗಳಲ್ಲಿ ನನಗೆ ಜಾಸ್ತಿ ಇಷ್ಟ ಅದೇ.

ಮೇಲೆ ಹತ್ತುತ್ತಾ ಬಂಡೆಗಳನ್ನೂ ಗಮನಿಸಿ. ಕೆಲವದರ ಮೇಲೆ ಸಾಲಾಗಿ ಒಂದೇ ಅಳತೆಯ ಚೌಕ ತೂತುಗಳಿವೆ. ಬಟ್ಟೆ ಮೇಲೆ ಟ್ರೇಸಿಂಗ್ ವೀಲ್, ಅಂದರೆ ಚುಕ್ಕಿ ಗುರುತು ಹಾಕುವ ಹಲ್ಲಿನ ಚಕ್ರ ಓಡಿಸಿದ ಹಾಗೆ. ಹಿಂದೆ ಬಂಡೆ ಸೀಳುತ್ತಿದ್ದದ್ದು ಹಾಗೆಯೇ ಅಂತೆ. ತೂತಿಗೆ ಮರದ ಬೆಣೆ ಬಡಿದು ನೀರು ಹಾಕುವುದು, ಮರ ಉಬ್ಬಿ ಬಂಡೆ ಗೆರೆ ಹಿಡಿದು ಸೀಳುವುದು. ಕೆಲವು ಬಂಡೆಗಳಲ್ಲಿ ತೂತು ಮಾತ್ರ ಇದೆ, ಸೀಳಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ. ನನಗ್ಯಾಕೋ ಅವು ಪೂರ್ತಿ ಕಟ್ಟಿದ ಗೋಡೆಗಿಂತ ಚಂದ ಕಂಡವು. ಇವನ್ನು ತೆಗೆಯುವಾಗ ಬಿಸಿಲು ಪಕ್ಕದಿಂದ ಬೀಳುವ ಕಡೆ ನಿಲ್ಲಿ. ಬಿಸಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ತೂತು ಸರಿಯಾಗಿ ಕಾಣುವುದಿಲ್ಲ.

ಫೋನಿನ ವಿಷಯ ಎರಡೇ ಮಾತು. ಸ್ಕ್ರೀನಿನಲ್ಲಿ ಆಕಾಶದ ಮೇಲೆ ಬೆರಳಿಡಿ, ಬೆಳಕು ತಾನೇ ಕಡಿಮೆಯಾಗುತ್ತದೆ, ಮೋಡ ಮತ್ತೆ ಕಾಣುತ್ತದೆ. ಗೋಡೆ ಸ್ವಲ್ಪ ಕಪ್ಪಾದರೆ ಆಗಲಿ, ಆಮೇಲೆ ಫೋನಿನಲ್ಲೇ ಅದರ ಬೆಳಕು ಎತ್ತಬಹುದು. ಬಿಳಿಚಿ ಹೋದದ್ದನ್ನು ವಾಪಸ್ ತರೋಕಾಗಲ್ಲ. ಇನ್ನೊಂದು, ಎಲ್ಲ ಹಿಡಿಸುವ ಆಸೆಗೆ ಕ್ಯಾಮೆರಾದಲ್ಲಿ 0.5 ಅಂತ ಇರುವ ಅಗಲದ ಲೆನ್ಸ್ ಒತ್ತಬೇಡಿ. ನೆಟ್ಟಗಿನ ಬುರುಜು ಹೊಟ್ಟೆ ಬಂದವರ ಹಾಗೆ ಬಾಗುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ. ಹೋಗುವ ಮುಂಚೆ ಹಿಂದೆ ಏನಿದೆ ಅಂತ ನೋಡಿಕೊಳ್ಳಿ ಮಾತ್ರ.

ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿಯಲ್ಲಿ ನಾಲ್ಕು ದೊಡ್ಡ ಕಲ್ಲುಗಳಿವೆ. ಪಕ್ಕದಲ್ಲಿ ಒಬ್ಬ ಮನುಷ್ಯ ಇಲ್ಲದಿದ್ದರೆ ಫೋಟೋದಲ್ಲಿ ಅವು ನಮ್ಮನೆ ಬೀಸುವ ಕಲ್ಲಿನಷ್ಟೇ ಕಾಣುತ್ತವೆ. ಅಳತೆ ಕೊಡಲು ಯಾರನ್ನಾದರೂ ನಿಲ್ಲಿಸಿ. ಮಗಳು ನಿಂತಳು, ಆಗ ಗಾತ್ರ ಗೊತ್ತಾಯಿತು. ಏಕನಾಥಮ್ಮನ ಗುಡಿಗೆ ಭಕ್ತರು ಬರುತ್ತಲೇ ಇರುತ್ತಾರೆ, ಗರ್ಭಗುಡಿಯತ್ತ ಫೋನು ತಿರುಗಿಸುವ ಮುಂಚೆ ಪೂಜಾರರನ್ನು ಒಂದು ಮಾತು ಕೇಳಿ. ಹಿಡಿಂಬೇಶ್ವರನ ಗುಡಿ ಇರುವುದಕ್ಕೆ ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಅನ್ನುವ ಕಥೆಯೂ ಇದೆ. ಉಯ್ಯಾಲೆ ಕಂಬಕ್ಕೆ ಫೋನನ್ನು ನೆಟ್ಟಗೆ ಹಿಡಿದು, ನೆಲಕ್ಕೆ ಕೂತು ತೆಗೆಯಿರಿ, ಹಿಂದೆ ಬರೀ ಆಕಾಶ ಬರುವ ಹಾಗೆ. ತುಪ್ಪದ ಕೊಳದ ಬಂಡೆಗೆ ಕಾಲಿಡುವಷ್ಟೇ ಗುಳಿ ಕೊರೆದಿದ್ದಾರೆ. ಹುಡುಗರು ಹತ್ತಿದರು. ನಾನು ಕೆಳಗೆ ನಿಂತು ಹತ್ತುವವರ ಫೋಟೋ ತೆಗೆದೆ. ಅದೇ ಒಳ್ಳೇ ಫೋಟೋ, ಮಂಡಿಗೂ ಒಳ್ಳೇದು.

ಹೊಂಡಗಳ ಹತ್ತಿರ ಸ್ವಲ್ಪ ಹೊತ್ತು ಕೂರಿ. ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ನಮ್ಮ ಬೀದಿಯ ನಲ್ಲಿಗೆ ದಿನಾ ನೀರು ಬರಲ್ಲ, ಅದು ಬೇರೆ ಮಾತು. ನೀರಿನಲ್ಲಿ ಬಂಡೆಯ ನೆರಳು ಬರಬೇಕಾದರೆ ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ. ಆಗ ಲೆನ್ಸ್ ನೀರಿನ ಹತ್ತಿರಕ್ಕೆ ಬರುತ್ತದೆ, ಅರ್ಧ ಕೋಟೆ ಮೇಲೆ, ಅರ್ಧ ನೀರೊಳಗೆ. ಪಾಚಿ ಕಟ್ಟಿದ ಮೆಟ್ಟಿಲಿಗೆ ಮಾತ್ರ ಕಾಲಿಡಬೇಡಿ.

ಇನ್ನು ಕಿಂಡಿ. ನನಗೆ ನಾಲ್ಕನೇ ಕ್ಲಾಸಿನಿಂದ ಬಾಕಿ ಇದ್ದದ್ದು. ಹೈದರಾಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಓಬವ್ವ ನೀರಿಗೆ ಅಂತ ತಣ್ಣೀರು ದೋಣಿ ಅನ್ನುವ ನೀರಿನ ಜಾಗಕ್ಕೆ ಹೋಗಿದ್ದಾಳೆ, ಅಲ್ಲಿ ಕಿಂಡಿಯಲ್ಲಿ ಸದ್ದು. ಮುಂದಿನದು ನಿಮಗೆ ಗೊತ್ತು. ಕೋಟೆ ಕೊನೆಗೆ ಹೈದರನ ಕೈಗೆ ಹೋದದ್ದು 1779ರಲ್ಲಿ.

ಹೋಗಿ ನೋಡಿದರೆ ಅಲ್ಲಿ ಫೋಟೋಗೆ ಸಾಲು ನಿಂತಿದ್ದರು. ಎಲ್ಲರೂ ಇಲ್ಲದ ಒನಕೆಯನ್ನು ಕ್ರಿಕೆಟ್ ಬ್ಯಾಟಿನ ಹಾಗೆ ಅಡ್ಡ ಬೀಸುವವರೇ. ನಾನು ಚಿಕ್ಕಂದಿನಲ್ಲಿ ಅವ್ವನ ಜೊತೆ ಸಜ್ಜೆ ಕುಟ್ಟಿದವಳು. ಒನಕೆ ಅಡ್ಡ ಬೀಸುವ ವಸ್ತು ಅಲ್ಲ. ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿ, ಅದರ ಭಾರಕ್ಕೆ ಅದನ್ನು ಬಿಡಬೇಕು. ಕಿಂಡಿಯೊಳಗಿನಿಂದ ಬರುವವನು ಬಗ್ಗಿ, ತಲೆ ಮುಂದೆ ಮಾಡಿಕೊಂಡೇ ಬರಬೇಕು, ಬೇರೆ ದಾರಿಯೇ ಇಲ್ಲ. ತಲೆ ಹೊರಗೆ ಬಂದಾಗ ಅದು ಸರಿಯಾಗಿ ಒರಳಿನ ಜಾಗದಲ್ಲಿರುತ್ತದೆ. ಅಲ್ಲಿ ನಿಂತು ಅದನ್ನು ಯೋಚಿಸಿದಾಗ ಮೈ ಜುಮ್ಮೆಂದಿತು. ಮಗಳಿಗೆ ಹಿಡಿಯುವುದು ಹೇಗೆ ಅಂತ ತೋರಿಸಿದೆ. ಸಾಲಿನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳೂ ಕಲಿತುಕೊಂಡರು.

ಫೋಟೋಗೆ ಹೇಳುವುದಾದರೆ, ನೀವು ಒಳಗಿನ ಕತ್ತಲಲ್ಲಿ ಇರಿ, ಫೋನು ಬೆಳಕಿನ ಕಡೆ ಇರಲಿ, ಯಾರಾದರೂ ಕಿಂಡಿಯಲ್ಲಿ ತೂರಿ ಬರುವಾಗ ಒತ್ತಿ. ಬೆರಳಿಡಬೇಕಾದ್ದು ಬೆಳಕು ಬಿದ್ದ ಕಲ್ಲಿನ ಅಂಚಿಗೆ. ಮುಖ ಕಾಣುವುದಿಲ್ಲ, ಆಕಾರ ಮಾತ್ರ ಬರುತ್ತದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಕೆಟ್ಟಿತು. ಓಬವ್ವನಿಗೆ ಕಂಡದ್ದೂ ಅಂಥ ಆಕಾರವೇ ಇರಬೇಕು.

ದುರ್ಗದ ಪಕ್ಕದಲ್ಲೇ ಇರುವ ಚಂದ್ರವಳ್ಳಿಗೂ ಅದೇ ದಿನ ಹೋಗಬಹುದು. ಗುಹೆಯೊಳಗೆ ಕಗ್ಗತ್ತಲು, ಫೋನಿನಲ್ಲಿ ಏನೂ ಬರಲ್ಲ. ಕದಂಬರ ಮಯೂರಶರ್ಮನ ಶಾಸನ ನೋಡಿ, ಕೆರೆ ದಂಡೆಯಲ್ಲಿ ಕಾಲು ಚಾಚಿ ಬನ್ನಿ.

ಕೊನೆಗೆ ಪ್ರಿಂಟಿನ ವಿಷಯ, ಇದನ್ನು ಯಾರೂ ಹೇಳಿಕೊಡಲ್ಲ. ಫೋನಿನ ಫೋಟೋದ ಅಳತೆ ಬೇರೆ, ಅಂಗಡಿಯವರ 4 ಇಂಚು 6 ಇಂಚು ಕಾಗದದ ಅಳತೆ ಬೇರೆ. ಸುಮ್ನೆ "ಪ್ರಿಂಟ್ ಹಾಕಿ" ಅಂದರೆ ಅಡ್ಡ ಫೋಟೋದ ಮೇಲೊಂದಿಷ್ಟು, ಕೆಳಗೊಂದಿಷ್ಟು ಕತ್ತರಿ ಬೀಳುತ್ತದೆ. ನನಗೆ ಗೊತ್ತಾದದ್ದು ಅತ್ತೆಯಿಂದ. ಅವರಿಗೀಗ ಹತ್ತಲು ಆಗಲ್ಲ. ಬುರುಜಿನ ಮೇಲಿಂದ ಊರು ಕಾಣುವ ಹಾಗೆ ತೆಗೆದ ಫೋಟೋ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದರು. "ನಮ್ಮನಿ ಎಲ್ಲೈತೆ?" ಕೋಟೆ ಬುಡದ ಆ ಬೀದಿಯೇ ಅಂಗಡಿಯ ಕತ್ತರಿಗೆ ಹೋಗಿತ್ತು. ಫೋನಿನಲ್ಲಿ ತೆಗೆದು, ದೊಡ್ಡದು ಮಾಡಿ ತೋರಿಸಿದೆ. ಹೆಂಚು ಹೋಗಿ ಆರ್‌ಸಿಸಿ ಆಗಿದೆ, ಪಕ್ಕದ ಬೇವಿನ ಮರದಿಂದ ಗುರುತು ಹಿಡಿದರು.

ಮಾರನೇ ದಿನ ಅಂಗಡಿಗೆ ಹೋಗಿ, "ಸುತ್ತ ಬಿಳಿ ಅಂಚು ಬಂದರೂ ಪರವಾಗಿಲ್ಲ, ಏನೂ ಕತ್ತರಿಸಬೇಡಿ" ಅಂತ ಹೇಳಿ ಹಾಕಿಸಿಕೊಂಡು ಬಂದೆ. ನೀವೂ ಹಾಗೆಯೇ ಹೇಳಿ. ಆ ಫೋಟೋ ಈಗ ಅತ್ತೆಯ ಎಲೆ ಅಡಿಕೆ ಚೀಲದಲ್ಲಿದೆ. ಒಂದು ಮೂಲೆಗೆ ಆಗಲೇ ಸುಣ್ಣ ಹತ್ತಿದೆ.