ಟ್ಯಾಗ್ ಹಾಕುವ ಮುಂಚೆ, ಹಾಕಿದ ಮೇಲೆ

ಪೈಥಾನ್ ಪ್ಯಾಕೇಜಿನ ಹೊಸ ಆವೃತ್ತಿ ಬಿಡುಗಡೆ ಮಾಡುವಾಗ, ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಆ ಆವೃತ್ತಿಯ ಕೋಡಿಗೆ ಅಂಟಿಸುವ ಗುರುತೇ ಟ್ಯಾಗ್. ಅದಕ್ಕೆ ಮೊದಲು ಆವೃತ್ತಿಯ ನಂಬರ್ ತೀರ್ಮಾನಿಸಿ. ಈಗ 1.4.2 ಇದೆ ಅಂದುಕೊಳ್ಳಿ: ಬಗ್ ಸರಿಪಡಿಸಿದ್ದಷ್ಟೇ ಆದರೆ 1.4.3, ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದ್ದರೆ 1.5.0, ಬಳಸುವವರು ತಮ್ಮ ಕೋಡ್ ತಿದ್ದಲೇಬೇಕಾದರೆ 2.0.0. ಹೊರಗಿನವರು ಕರೆಯುವ ಒಂದೇ ಒಂದು ಫಂಕ್ಷನ್ನಿನ ಹೆಸರು ಬದಲಾದರೂ 2.0.0 ಆಗಬೇಕು, ‘ಚಿಕ್ಕ ಬದಲಾವಣೆ ತಾನೇ’ ಅನ್ನುವ ಮಾತು ಇಲ್ಲಿ ನಡೆಯದು.

ಚೇಂಜ್‌ಲಾಗ್‌ಗೆ (ಬಳಸುವವರಿಗಾಗಿ ಬರೆಯುವ ಬದಲಾವಣೆಗಳ ಪಟ್ಟಿ) ಕಮಿಟ್ ಸಂದೇಶಗಳನ್ನು, ಅಂದರೆ ಗಿಟ್‌ನಲ್ಲಿ ಪ್ರತಿ ಬದಲಾವಣೆ ಉಳಿಸುವಾಗ ಬರೆದ ಟಿಪ್ಪಣಿಗಳನ್ನು, ಹಾಗೇ ಸುರಿಯಬೇಡಿ. ಏನು ಬದಲಾಯಿತು, ಅಪ್‌ಗ್ರೇಡ್ ಮಾಡುವವರು ಏನು ಮಾಡಬೇಕು, ಇಷ್ಟು ಸಾಕು.

ಪ್ಯಾಕೇಜನ್ನು ದಿನಾ ಕೆಲಸ ಮಾಡುವ ಫೋಲ್ಡರಿನಲ್ಲಿ ಬಿಲ್ಡ್ ಮಾಡಬೇಡಿ. ಬೇರೆ ಕಡೆ ಹೊಸದಾಗಿ ಕ್ಲೋನ್ ಮಾಡಿ (ಗಿಟ್‌ನಲ್ಲಿರುವುದರ ಪೂರ್ತಿ ನಕಲು ತಂದು), ಅಲ್ಲೇ ಬಿಲ್ಡ್ ಮಾಡಿ, ಖಾಲಿ ಎನ್ವಿರಾನ್ಮೆಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ಗಿಟ್‌ಗೆ ಸೇರಿಸಲು ಮರೆತ ಫೈಲ್ ನಿಮ್ಮ ಯಂತ್ರದಲ್ಲಿ ಇರುತ್ತದೆ, ಟೆಸ್ಟ್‌ಗಳೂ ಪಾಸಾಗುತ್ತವೆ. ಬೇರೆಯವರಲ್ಲಿ ಇಂಪೋರ್ಟ್ ಸಾಲಿನಲ್ಲೇ ಮುಗ್ಗರಿಸುತ್ತದೆ.

ಟ್ಯಾಗ್ ಪುಶ್ ಆದಮೇಲೆ (ಎಲ್ಲರಿಗೂ ಸಿಗುವ ಸರ್ವರಿಗೆ ಹೋದಮೇಲೆ) ತಪ್ಪು ಕಂಡರೆ ಆ ಟ್ಯಾಗನ್ನು ಬೇರೆ ಕಮಿಟ್‌ಗೆ ಸರಿಸಬೇಡಿ. ಆಗಲೇ ಎಳೆದುಕೊಂಡವರ ಬಳಿ ಹಳೆಯ ಟ್ಯಾಗೇ ಉಳಿಯುತ್ತದೆ: ಒಂದು ನಂಬರು, ಎರಡು ಕೋಡು. ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐ ಅಂತೂ ಅಳಿಸಿದ ಮೇಲೂ ಅದೇ ಹೆಸರಿನ ಫೈಲ್ ಮತ್ತೆ ಏರಿಸಲು ಬಿಡುವುದಿಲ್ಲ. ನಂಬರಿಗೇನೂ ಬರವಿಲ್ಲ, ಮುಂದಿನ ನಂಬರಿನಲ್ಲಿ ಬಿಡುಗಡೆ ಮಾಡಿ. ಕೆಟ್ಟ ಆವೃತ್ತಿಯನ್ನು ಪೈಪಿಐಯಲ್ಲಿ ಯಾಂಕ್ ಮಾಡಿ, ಅಂದರೆ ಅಳಿಸದೆ ‘ಹಿಂತೆಗೆದದ್ದು’ ಎಂದು ಗುರುತಿಸಿ. ಆಗ ಆ ನಂಬರನ್ನೇ ನಿಖರವಾಗಿ ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ.