ತೊಗರಿ ಗಿಡ ಹಾಡಿದ್ದು, ಸಾಹುಕಾರ ಸತ್ತಿದ್ದು

ಕಲಬುರಗಿ ಕಡೆ ತೊಗರಿಗೆ ನೆಟೆ ರೋಗ ಬಂತೆಂದರೆ ಮನೆಮನೆಯಲ್ಲೂ ಸೂತಕ. ಕಾಯಿ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ನಮ್ಮ ಕಿರುಚಿತ್ರದ ಕಥೆ ಹುಟ್ಟಿದ್ದು ಅಲ್ಲೇ. ಹೊಲವೆಲ್ಲ ಒಣಗಿದೆ, ಒಂದೇ ಒಂದು ಗಿಡ ಹಸಿರಾಗಿದೆ. ಅದಕ್ಕೆ ನೀರು ಬೇಡ, ರಕ್ತ ಬೇಕು. ಮೇಲೆ ಹಾಡು ಬೇರೆ ಹೇಳುತ್ತದೆ. ರೈತ ಮೊದಲು ತನ್ನ ಬೆರಳು ಚುಚ್ಚಿಕೊಳ್ಳುತ್ತಾನೆ. ಆಮೇಲೆ ಸಾಲ ಕೊಟ್ಟ ಸಾಹುಕಾರನನ್ನು ಚಹಾಕ್ಕೆಂದು ಹೊಲಕ್ಕೆ ಕರೆಯುತ್ತಾನೆ.

ಐಡಿಯಾ ಪೂರ್ತಿ ನಮ್ಮದೇ ಅಂದರೆ ಸುಳ್ಳಾಗುತ್ತದೆ. ಫ್ರ್ಯಾಂಕ್ ಓಜ್ ನಿರ್ದೇಶನದ 1986ರ 'ಲಿಟಲ್ ಶಾಪ್ ಆಫ್ ಹಾರರ್ಸ್' ನೋಡಿದ್ದೆ. ಅದರಲ್ಲಿ ಹೂವಿನ ಅಂಗಡಿಯ ಗಿಡವೊಂದು ಹಾಡುತ್ತಾ ಮನುಷ್ಯರನ್ನು ನುಂಗುತ್ತದೆ. ನಾವು ಅದನ್ನು ತೊಗರಿ ಮಾಡಿಕೊಂಡೆವು, ಅಷ್ಟೇ.

ಗಿಡಕ್ಕೆ ಐದಡಿಯ ಒಂದು ಕಾಯಿ ಮಾಡಿದೆವು. ಹಳೇ ಗಾದಿಯ ಸ್ಪಂಜು, ಮೇಲೆ ಹಸಿರು ಬಟ್ಟೆ. ಕಾಯಿ ಬಿರಿದರೆ ಅದೇ ಬಾಯಿ, ಒಳಗಿನ ಕಾಳೇ ಹಲ್ಲು. ಬಾಯಿ ತೆರೆಯಲು ಸೈಕಲ್ ಬ್ರೇಕಿನ ವಾಯರ್. ಒಬ್ಬ ಹುಡುಗ ಹಿಂದೆ ಕೂತು ಎಳೆಯಬೇಕು. ಆದರೆ ಎಷ್ಟು ಎಳೆದರೂ ಹಾಡಿನ ವೇಗಕ್ಕೆ ಬಾಯಿ ಆಡುತ್ತಿರಲಿಲ್ಲ. ಆ ಸಿನಿಮಾದವರಿಗೂ ಇದೇ ತಲೆನೋವು ಇತ್ತು. ಅವರು ಗಿಡದ ಎಷ್ಟೋ ದೃಶ್ಯಗಳನ್ನು ಸೆಕೆಂಡಿಗೆ 24ರ ಬದಲು 16 ಫ್ರೇಮಿನಲ್ಲಿ ತೆಗೆದು, ಮಾಮೂಲಿ ವೇಗದಲ್ಲಿ ಓಡಿಸಿದರು. ಆಗ ಎಲ್ಲವೂ ಒಂದೂವರೆ ಪಟ್ಟು ಜೋರಾಗಿ ಕಾಣುತ್ತದೆ. ಪಕ್ಕದಲ್ಲಿದ್ದ ನಟರು ಬೇಕಂತಲೇ ನಿಧಾನವಾಗಿ ನಟಿಸಬೇಕಿತ್ತು.

ನಮ್ಮ ಹತ್ತಿರ ಇದ್ದದ್ದು ಮೊಬೈಲ್. ಲೆಕ್ಕ ಮಾತ್ರ ಅದೇ. ಮೂರು ನಿಮಿಷದ ಹಾಡನ್ನು ನಾಲ್ಕೂವರೆ ನಿಮಿಷಕ್ಕೆ ಎಳೆದು, ಸ್ಪೀಕರಿನಲ್ಲಿ ಹಾಕಿ ಶೂಟ್ ಮಾಡಿದೆವು. ಎಡಿಟಿಂಗಿನಲ್ಲಿ ವಿಡಿಯೊ ಒಂದೂವರೆ ಪಟ್ಟು ಜೋರು ಮಾಡಿ, ಮೂಲ ಹಾಡನ್ನು ಕೂರಿಸಿದೆವು. ಗಿಡದ ಬಾಯಿ ಅಕ್ಷರ ಅಕ್ಷರಕ್ಕೂ ಕೂತಿತು! ರೈತನೂ ಸರಿಯಾಗಿಯೇ ನಡೆದ. ಹಿಂದೆ ಆರಾಮಾಗಿ ಹೋಗುತ್ತಿದ್ದ ಒಂದು ಕೋಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ರೈಲಿನ ಹಾಗೆ ಓಡಿತು.

ರಕ್ತಕ್ಕೆ ಬೆಲ್ಲದ ಪಾಕ, ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ನೋಡಲು ಚೆನ್ನಾಗಿತ್ತು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಐದು ನಿಮಿಷಕ್ಕೆ ಇರುವೆ, ಹತ್ತು ನಿಮಿಷಕ್ಕೆ ನೊಣ. ಹೆಣವಾಗಿ ಮಲಗಿದ್ದ ಸಾಹುಕಾರ ಮೂರು ಸಲ ಎದ್ದು ಓಡಿದ.

ನಿಜವಾಗಿ ಕಷ್ಟವಾದದ್ದು ಹಾಡು. ಮೊದಲು ಗಿಡದ ದನಿಗೆ ನಾಟಕ ಮಾಡುವ ಗೆಳೆಯನನ್ನು ಕರೆದೆವು. ಆತ ಗಂಟಲು ಒಡೆದುಕೊಂಡು, ನಡುನಡುವೆ ರಾಕ್ಷಸ ನಗು ಹಾಕಿ ಹಾಡಿದ. ಯಾರೂ ನಗಲಿಲ್ಲ, ಹೆದರಲೂ ಇಲ್ಲ. ಆಗ ನಮ್ಮ ಆಯಿ ನೆನಪಾದಳು. ಬೀಸುಕಲ್ಲಿನ ಪದದ ಧಾಟಿಗೆ ನಾನೇ ಮೂರು ಸಾಲು ಬರೆದು ಕೊಟ್ಟೆ:

"ಜೋಳ ಬೀಸಿದೆನವ್ವ, ಸಣ್ಣಾಗಿ ಬಂತವ್ವ
ಸಾವ್ಕಾರನೆಲುಬು ಬಲು ಗಟ್ಟಿ, ನನ್ನವ್ವ
ಇನ್ನೊಮ್ಮೆ ಕಲ್ಲು ತಿರುವವ್ವ"

ಆಯಿ ಇದನ್ನು ಕೂಸು ಮಲಗಿಸುವ ಹಾಗೆ, ಮುಖದಲ್ಲಿ ಒಂದೂ ಗೆರೆ ಬದಲಾಗದೆ ಹಾಡಿದಳು. ಹಿಂದೆ ಕಲ್ಲಿನ ಗರ್ ಗರ್ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಮೈ ಜುಮ್ಮೆಂದಿತು, ಆಮೇಲೆ ನಗು ತಡೆಯಲು ಹೊರಗೆ ಹೋದೆ. ಹಾಡುವವರಿಗೆ ಇದು ತಮಾಷೆ ಅಂತ ಗೊತ್ತಿರಬಾರದು. ಗೊತ್ತಿದ್ದರೂ ತೋರಿಸಬಾರದು.

ಗಿಡ ಕೊನೆಗೆ ರೈತನನ್ನೂ, ಅವನ ಹೆಂಡತಿಯನ್ನೂ ತಿಂದು ಸುಮ್ನೆ ತೇಗುತ್ತದೆ. ಗಲ್ಲಿಯಲ್ಲಿ ಬಿಳಿ ಚಾದರ ಕಟ್ಟಿ ತೋರಿಸಿದೆವು. ಅಲ್ಲಿಯವರೆಗೆ ನಕ್ಕ ಜನ ಒಮ್ಮೆಲೇ ಸಪ್ಪಗಾದರು. ಆಯಿ ಕೇಳಿದಳು: "ಬಯಲಾಟದಾಗ ಸತ್ತಾಂವ ಮಂಗಳಾರತಿಗೆ ಎದ್ದು ಬರ್ತಾನ. ನಿಮ್ಮ ಮಂದಿ ಯಾಕ ಬರಲಿಲ್ಲ?"

ಓಜ್ ಕೂಡ ಎಡವಿದ್ದು ಇದೇ ಜಾಗದಲ್ಲಿ ಅಲ್ವಾ! ಆ ಕಥೆ 1982ರಲ್ಲಿ ರಂಗದ ಮೇಲೆ ಬಂದಾಗ ನಾಯಕ, ನಾಯಕಿ ಸತ್ತರೂ ಜನ ಒಪ್ಪಿದ್ದರು, ಯಾಕೆಂದರೆ ಕೊನೆಗೆ ಅವರೇ ಬಂದು ಕೈಮುಗಿಯುತ್ತಿದ್ದರು. ಸಿನಿಮಾದಲ್ಲಿ ಸತ್ತವರು ಸತ್ತ ಹಾಗೆಯೇ. ಪ್ರಿವ್ಯೂ ನೋಡಿದವರು ಬೇಜಾರಾದ ಮೇಲೆ ಇಬ್ಬರನ್ನೂ ಉಳಿಸಿ ಕ್ಲೈಮ್ಯಾಕ್ಸ್ ಮತ್ತೆ ಶೂಟ್ ಮಾಡಿದರು. ಹಳೆಯ ಕ್ಲೈಮ್ಯಾಕ್ಸ್ ಪೂರ್ತಿಯಾಗಿ, ಬಣ್ಣದಲ್ಲಿ ಡಿಸ್ಕಿನಲ್ಲಿ ಹೊರಬಂದದ್ದು 2012ರಲ್ಲಿ.

ನಮಗೆ ಸಾವು ತೆಗೆಯಲು ಮನಸ್ಸಿರಲಿಲ್ಲ. ಅದಕ್ಕೆ ಕೊನೆಗೆ ಒಂದು ಶಾಟ್ ಸೇರಿಸಿದೆವು. ಸತ್ತವರೆಲ್ಲ ಆಯಿಯ ಬೀಸುಕಲ್ಲಿನ ಸುತ್ತ ಕೂತು ಅದೇ ಪದ ಹಾಡುತ್ತಾರೆ, ಜೊತೆಗೆ ಗಿಡವೂ. ಸಾಹುಕಾರ ಅಷ್ಟರಲ್ಲಿ ಮೀಸೆ ಬೋಳಿಸಿಕೊಂಡಿದ್ದ. ಗಿಡದ ಬೇರಿಗೆ ಹಚ್ಚಿದ್ದ ಸೆಣಬಿನ ನಾರು ಕಿತ್ತು ಅಂಟಿಸಿದೆವು. ಮೂರನೇ ಸಾಲಿಗೆ ಅದು ಜಾರಿ ತುಟಿಯ ಮೇಲೆ ಬಂತು. ಆಯಿ ನೋಡಿದಳು, ಹಾಡು ಮಾತ್ರ ನಿಲ್ಲಿಸಲಿಲ್ಲ. ಆ ಟೇಕನ್ನೇ ಇಟ್ಟುಕೊಂಡೆವು.