ಬಂಡೆ ಬೀಳುವ ಲೆಕ್ಕ: ಕಮೋಡೋರ್ 64ಕ್ಕೆ ನಾನೇ ಬರೆದ ಬೌಲ್ಡರ್ ಡ್ಯಾಶ್

1984ರಲ್ಲಿ ಅಟಾರಿ 8-ಬಿಟ್ ಕಂಪ್ಯೂಟರಿಗೆ ಬಂದ ಬೌಲ್ಡರ್ ಡ್ಯಾಶ್ ಆಟವನ್ನು ಬರೆದವರು ಕೆನಡಾದ ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ. ಮಣ್ಣು ಅಗೆಯುತ್ತ ಹೋಗುವ ರಾಕ್‌ಫರ್ಡ್, ಮೇಲಿಂದ ಬೀಳುವ ಬಂಡೆ, ಆಯಬೇಕಾದ ವಜ್ರ. ಮೊದಲ ಗುಹೆಯಲ್ಲಿ 150 ಸೆಕೆಂಡಿನೊಳಗೆ 12 ವಜ್ರ ಸಿಕ್ಕರೆ ಬಾಗಿಲು ತೆರೆಯುತ್ತದೆ. ಇದೇ ಆಟವನ್ನು ಅದೇ ಕಾಲದ ಇನ್ನೊಂದು ಮನೆ ಕಂಪ್ಯೂಟರ್ ಕಮೋಡೋರ್ 64ಕ್ಕೆ ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರಿಗೆ ಒಂದೊಂದೇ ಆದೇಶ ಕೊಡುವ ಭಾಷೆಯಲ್ಲಿ, ನಾನೇ ಮೊದಲಿನಿಂದ ಬರೆದೆ. ಇಂದಿನ ಕಂಪ್ಯೂಟರಿನಲ್ಲಿ ಆ ಯಂತ್ರದಂತೆ ನಡೆಯುವ ವೈಸ್ ಎಮ್ಯುಲೇಟರ್ ತಂತ್ರಾಂಶ ಇದ್ದರೆ ಸಾಕು, ಹಳೆಯ ಯಂತ್ರ ಬೇಕೆಂದೇನೂ ಇಲ್ಲ. ಚಿತ್ರ, ಸದ್ದು ಯಾರಾದರೂ ಮಾಡಿಯಾರು. ಈ ಆಟದ ಜೀವ ಇರುವುದು ಗುಹೆಯನ್ನು ಯಾವ ಕ್ರಮದಲ್ಲಿ ಓದುತ್ತೇವೆ ಅನ್ನುವುದರಲ್ಲಿ. ಬರೆಯುತ್ತ ಹೋದಷ್ಟೂ ನನಗೆ ಇದು ಖಾತ್ರಿಯಾಯಿತು.

ಗುಹೆ ಅಂದರೆ ಅಡ್ಡ 40, ಉದ್ದ 22, ಒಟ್ಟು 880 ಮನೆಗಳು. ಚೌಕಾಬಾರದ ಮನೆಗಳ ಹಾಗೆ. ಒಂದೊಂದು ಮನೆಗೂ ಒಂದು ಬೈಟ್, ಅಂದರೆ 0ಯಿಂದ 7ರವರೆಗೆ ಎಂಟು ಬಿಟ್; ಪ್ರತಿ ಬಿಟ್ 0 ಇಲ್ಲವೇ 1. ಮೇಲಿನ ಸಾಲಿಂದ ಶುರುಮಾಡಿ ಎಡದಿಂದ ಬಲಕ್ಕೆ ಒಂದೊಂದೇ ಮನೆ ನೋಡುತ್ತ ಬರಬೇಕು. ಬಂಡೆಯ ಕೆಳಗೆ ಖಾಲಿ ಇದ್ದರೆ ಒಂದು ಮನೆ ಇಳಿಸುವುದು. ಕೇಳಲು ಸುಲಭ. ಆದರೆ ಇಳಿಸಿದ ಬಂಡೆ ಈಗ ಮುಂದಿನ ಸಾಲಿನಲ್ಲಿದೆ. ಅಲ್ಲಿಗೆ ಬಂದಾಗ ಅದೇ ಬಂಡೆ ಮತ್ತೆ ಕಣ್ಣಿಗೆ ಬೀಳುತ್ತದೆ, ಮತ್ತೆ ಇಳಿಯುತ್ತದೆ. ಹೀಗೇ ಬಿಟ್ಟರೆ ಒಂದೇ ಸುತ್ತಿನಲ್ಲಿ ಗುಹೆಯ ತಳ ಸೇರಿಬಿಡುತ್ತದೆ, ಆಟಗಾರನಿಗೆ ಓಡಲು ಸಮಯವೇ ಇರುವುದಿಲ್ಲ.

ಅದಕ್ಕೆ ಗುರುತು ಬೇಕು. ಈ ಸುತ್ತಿನಲ್ಲಿ ಆಗಲೇ ಕದಲಿದ ಬಂಡೆಯ ಬೈಟಿನ 7ನೇ ಬಿಟ್ ಅನ್ನು ನಾನು ಏರಿಸುತ್ತೇನೆ, ಅಂದರೆ 1 ಮಾಡುತ್ತೇನೆ. ಕೆಳಕ್ಕೆ ಅಥವಾ ಬಲಕ್ಕೆ ಹೋದರೆ ಮಾತ್ರ ಗುರುತು. ಎಡಕ್ಕೆ ಉರುಳಿದರೆ ಬೇಡ, ಆ ಮನೆಯನ್ನು ದಾಟಿ ಬಂದಾಗಿದೆ. ಗುರುತಿರುವ ಮನೆ ಎದುರಾದಾಗ ಬಿಟ್ ಇಳಿಸಿ ಸುಮ್ಮನೆ ಮುಂದೆ ಹೋಗುವುದು. ಗುರುತು ಅಳಿಸಲೆಂದೇ ಇನ್ನೊಂದು ಸುತ್ತು ಹಾಕಬೇಕಿಲ್ಲ, ತನ್ನಷ್ಟಕ್ಕೆ ಚೊಕ್ಕಟವಾಗುತ್ತದೆ.

6ನೇ ಬಿಟ್ ಇನ್ನೊಂದು ಸಂಗತಿಯನ್ನು ಹೇಳುತ್ತದೆ: ಬಂಡೆ ಬೀಳುತ್ತಿದೆಯೋ, ನಿಂತಿದೆಯೋ. ಆಟದ ರೋಮಾಂಚನವೆಲ್ಲ ಈ ವ್ಯತ್ಯಾಸದಲ್ಲೇ ಇದೆ. ನಿಂತ ಬಂಡೆಯ ಕೆಳಗೆ ರಾಕ್‌ಫರ್ಡ್ ಎಷ್ಟು ಹೊತ್ತು ನಿಂತರೂ ಏನೂ ಆಗದು. ಬೀಳುತ್ತಿರುವ ಬಂಡೆ ತಲೆಗೆ ತಗುಲಿದರೆ ಮಾತ್ರ ಸಾವು. ಹಾಗಾಗಿ ಬಂಡೆಯ ಅಡಿಯಿಂದ ನೇರ ಕೆಳಗೆ ಅಗೆದರೆ ಅದು ಬೆನ್ನಟ್ಟಿ ಬರುತ್ತದೆ. ನಿಲ್ಲದೆ ಇಳಿಯುತ್ತಿದ್ದರೆ ಬಚಾವು, ನಿಂತರೆ ಮುಗಿಯಿತು. ಒಂದೇ ಒಂದು ಬಿಟ್ ಇಷ್ಟು ಭಯ ಹುಟ್ಟಿಸುತ್ತದಲ್ಲ ಎಂದು ನನಗೆ ಈಗಲೂ ಬೆರಗು.

ಈ ಎರಡೇ ಬಿಟ್‌ಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಕಮೋಡೋರ್ 64ರಲ್ಲಿರುವ 6502 ಬಗೆಯ ಪ್ರೊಸೆಸರಿನ 'ಬಿಟ್' ಎಂಬ ಆದೇಶ 7ನೇ ಬಿಟ್ಟನ್ನು ಪ್ರೊಸೆಸರಿನೊಳಗಿನ ಹೌದು-ಇಲ್ಲ ಗುರುತುಗಳಾದ ನೆಗೆಟಿವ್ ಫ್ಲ್ಯಾಗಿಗೂ 6ನೆಯದನ್ನು ಓವರ್‌ಫ್ಲೋ ಫ್ಲ್ಯಾಗಿಗೂ ಒಂದೇ ಏಟಿಗೆ ಹಾಕುತ್ತದೆ. ಮನೆಯ ಬೈಟನ್ನು ಜೀರೋ ಪೇಜಿಗೆ (ಬೇಗ ಓದಬಹುದಾದ ಮೊದಲ 256 ಬೈಟ್ ಮೆಮೊರಿಗೆ) ತಂದು ಈ ಆದೇಶ ಕೊಟ್ಟರೆ ಎರಡೂ ಉತ್ತರ ಕೈಗೆ ಬರುತ್ತವೆ. ಇಷ್ಟು ಜಿಪುಣತನ ಯಾಕೆಂದರೆ, ಪಾಲ್ ಮಾದರಿಯ, ಅಂದರೆ ಸೆಕೆಂಡಿಗೆ ಸುಮಾರು 50 ಫ್ರೇಮ್ (ಪರದೆಯ ಚಿತ್ರ) ತೋರಿಸುವ ಯಂತ್ರದಲ್ಲಿ ಒಂದು ಫ್ರೇಮಿಗೆ ಸಿಗುವುದು ಪ್ರೊಸೆಸರಿನ 19,656 ಸೈಕಲ್ (ಗಡಿಯಾರದ ಮಿಡಿತ). 880 ಮನೆಗೆ ಹಂಚಿದರೆ ತಲಾ 22, ಅದರಲ್ಲೂ ವಿಡಿಯೋ ಚಿಪ್ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಹಾಗಾಗಿ ಫ್ರೇಮಿಗೆ ನಾಲ್ಕು ಸಾಲಿನಂತೆ ಆರು ಫ್ರೇಮುಗಳಲ್ಲಿ ಒಂದು ಸುತ್ತು ಮುಗಿಸುತ್ತೇನೆ. ಸೆಕೆಂಡಿಗೆ ಸುಮಾರು ಎಂಟು ಸುತ್ತು ಆಯಿತು, ಆಟದ ಓಟಕ್ಕೆ ಧಾರಾಳ ಸಾಕು. ಜಾಯ್‌ಸ್ಟಿಕ್ಕನ್ನು ಮಾತ್ರ ಪ್ರತಿ ಫ್ರೇಮಿಗೂ ಓದಿ ನೆನಪಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಚಿಕ್ಕ ತಟ್ಟುವಿಕೆ ತಪ್ಪಿಹೋಗಿ ಕೈಗೆ ಆಟ ಮಂದ ಅನ್ನಿಸುತ್ತದೆ.

ಬಂಡೆಯಾಗಲಿ ವಜ್ರವಾಗಲಿ ಇನ್ನೊಂದು ಬಂಡೆ, ವಜ್ರ ಅಥವಾ ಇಟ್ಟಿಗೆ ಗೋಡೆಯ ಮೇಲೆ ಕೂತರೆ ಉರುಳಬೇಕು: ಪಕ್ಕದ ಮನೆಯೂ ಅದರ ಕೆಳಗಿನದೂ ಖಾಲಿ ಇರಬೇಕು, ಮೊದಲು ಎಡಕ್ಕೆ, ಆಗದಿದ್ದರೆ ಬಲಕ್ಕೆ. ಈ ಎಡದ ಪಕ್ಷಪಾತವನ್ನು ಮೂಲದಲ್ಲಿದ್ದಂತೆ ಇಡಲೇಬೇಕು. ಯಾವ ರಾಶಿ ಯಾವ ಕಡೆ ಕುಸಿಯುತ್ತದೆ ಎಂಬುದನ್ನು ಬಲ್ಲ ಆಟಗಾರರು ಅದನ್ನೇ ನಂಬಿ ದಾರಿ ಹಾಕುತ್ತಾರೆ. ಗುಹೆಯಲ್ಲಿ ಓಡಾಡುವ ಶತ್ರು ಮಿಂಚುಹುಳದ್ದೂ ಅಷ್ಟೆ. ಅದು ಮೊದಲು ಎಡಕ್ಕೆ ತಿರುಗಲು ನೋಡುತ್ತದೆ, ಇನ್ನೊಂದು ಶತ್ರು ಚಿಟ್ಟೆ ಬಲಕ್ಕೆ. ಚಿಟ್ಟೆಯ ಮೇಲೆ ಬಂಡೆ ಕೆಡವಿದರೆ ಅದರದ್ದೂ ಸೇರಿ ಸುತ್ತಲಿನ ಒಂಬತ್ತು ಮನೆ ವಜ್ರವಾಗುತ್ತವೆ, ಉಕ್ಕಿನ ಗೋಡೆಯೊಂದನ್ನು ಬಿಟ್ಟು.

ಗುಹೆಗಳನ್ನು ಇಡುವ ಬಗೆ ಮೂಲದ್ದೇ. 16 ಗುಹೆಗಳನ್ನು ಹಾಗೇ ಇಟ್ಟರೆ 14,080 ಬೈಟ್ ಬೇಕು. ಅದರ ಬದಲು ಇಟ್ಟಿರುವುದು ಒಂದು ಬೀಜಸಂಖ್ಯೆ (ಗೊತ್ತುಗುರಿಯಿಲ್ಲದಂತೆ ಕಾಣುವ ಸಂಖ್ಯೆಗಳ ಸಾಲು ಶುರುವಾಗುವುದು ಇದರಿಂದ), ಯಾವ ವಸ್ತು ಎಷ್ಟು ದಟ್ಟವಾಗಿ ಬರಬೇಕೆಂಬ ಅಂದಾಜು, ಮೇಲಿಂದ ಎಳೆಯಲು ಕೆಲವು ಗೆರೆ, ಚೌಕ. ಬೀಜ ಒಂದೇ ಆದ್ದರಿಂದ ಗುಹೆ ಪ್ರತಿಸಲವೂ ಹಾಗೇ ಹುಟ್ಟುತ್ತದೆ.

ಬಂಡೆ ತಳ್ಳುವುದನ್ನೂ ಬದಲಿಸಲಿಲ್ಲ: ಒಂದು ಸುತ್ತಿನಲ್ಲಿ ಅದು ಜರುಗುವ ಸಾಧ್ಯತೆ ಎಂಟರಲ್ಲಿ ಒಂದು, ಭಾರ ಕೈಗೆ ತಿಳಿಯುವುದು ಅದರಿಂದಲೇ. ಈಗ ಮಾಯಾಗೋಡೆಯ ಕೆಲಸ ನಡೆದಿದೆ. ಅದರ ಮೇಲೆ ಬಿದ್ದ ಬಂಡೆ ವಜ್ರವಾಗಿ ಎರಡು ಮನೆ ಕೆಳಗೆ ಹೊರಬರಬೇಕು, ಅಂದರೆ ಇನ್ನೂ ಓದದ ಸಾಲಿನಲ್ಲಿ. ಅಲ್ಲೂ 7ನೇ ಬಿಟ್ ಏರಿಸಿಯೇ ಇಳಿಸುತ್ತೇನೆ.